“ಮತ್ತೆ ಯಾವಾಗ ನಡೀತೀರಿ?”

ನಡೆಯುವುದಿಲ್ಲ. ಬೆನ್ನುಹುರಿ ಪೂರ್ತಿ ಜಖಂ ಆದವರಲ್ಲಿ ಮತ್ತೆ ಎದ್ದು ನಡೆಯುವವರು ತೀರಾ ವಿರಳ. ನನ್ನದು ಪೂರ್ತಿ ಜಖಂ. ಮದುವೆಮನೆ, ಬ್ಯಾಂಕು, ಲಿಫ್ಟು, ಗಾಲಿಕುರ್ಚಿಯಲ್ಲಿ ಎಲ್ಲಿ ಹೋದರೂ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಪ್ರಶ್ನೆಗಿಂತ ಅದರ ಬಾಲ ಸಿಟ್ಟು ತರಿಸುತ್ತದೆ: “ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಆಗತ್ತೆ.” ಹಾಗಾದರೆ ನಡೆಯಲಾರದವರೆಲ್ಲ ಮನಸ್ಸು ಸಡಿಲ ಬಿಟ್ಟವರೇ? ನರ ಕೂಡಿಕೊಳ್ಳುವುದಕ್ಕೂ ಛಲಕ್ಕೂ ಸಂಬಂಧವಿಲ್ಲ. ಛಲ ಬೇಕಾಗುವುದು ಚರ್ಮ ಕಾಪಾಡಿಕೊಳ್ಳುವುದಕ್ಕೆ.

ಸ್ಪರ್ಶ ತಿಳಿಯದ ಜಾಗದ ಮೇಲೆ ಕೂತಲ್ಲೇ ಕೂತರೆ ರಕ್ತದ ಓಡಾಟ ನಿಂತು ಹುಣ್ಣಾಗುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಎಲುಬಿನ ತನಕ ಇಳಿದಿರಬಹುದು. ಅರ್ಧ ಗಂಟೆಗೊಮ್ಮೆಯಾದರೂ ಭಾರ ಬಿಡಿಸಬೇಕು. ಕೈಯೂರಿ 10 ಸೆಕೆಂಡು ಮೈ ಎತ್ತಿದರೆ ಸಾಲದು. ರಕ್ತ ಮರಳಲು ಸುಮಾರು 2 ನಿಮಿಷ ಬೇಕು, ಅಷ್ಟು ಹೊತ್ತು ಎತ್ತಿ ಹಿಡಿದರೆ ಭುಜ ಹಾಳು. ಎದೆ ತೊಡೆಗೆ ತಾಗುವಂತೆ ಮುಂದಕ್ಕೆ ಬಾಗುವುದೇ ಸರಿ. ಕುರ್ಚಿಯ ಗಾಳಿ ಕುಶನ್ ಬಿಗಿಯಾಗಿದ್ದಷ್ಟೂ ಒಳ್ಳೆಯದೆಂದು ಊದಿಸುತ್ತಾರೆ, ಅದು ತಪ್ಪು. ಕೂತ ಮೇಲೆ ಕೆಳಗೆ ಕೈ ತೂರಿಸಿ ನೋಡಿ: ಕೂರುವ ಎಲುಬಿಗೂ ಕುಶನ್ ತಳಕ್ಕೂ ನಡುವೆ ಅರ್ಧದಿಂದ 1 ಇಂಚು ಇರಬೇಕು. ಜಾಸ್ತಿಯಿದ್ದರೆ ಗಾಳಿ ಹೊರಬಿಡಿ.

ಬದುಕನ್ನು ನೋಡುವ ರೀತಿ ಬದಲಾಯಿತಾ ಅಂತಲೂ ಕೇಳುತ್ತಾರೆ. ಬದಲಾಗುವುದು ಕೆಲಸಕ್ಕೆ ಮರಳಿದಾಗ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಶುರುವಾದ ಪುನರ್ವಸತಿ ಸಂಸ್ಥೆಯನ್ನು ಮುನ್ನಡೆಸಿದರು. ಅವರಿಗೆ ನಡಿಗೆ ಮರಳಲಿಲ್ಲ.

ನೀವು ಕೇಳಬೇಕಾದದ್ದು “ನಮ್ಮನೆಗೆ ಬರೋಕೆ ಏನು ಅಡ್ಡಿ?” ಅಂತ. ನಮ್ಮಲ್ಲಿ ಅನೇಕರು 4ರಿಂದ 6 ಗಂಟೆಗೊಮ್ಮೆ ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕಿ ಮೂತ್ರ ತೆಗೆಯಬೇಕು; ಮೂತ್ರಕೋಶದಲ್ಲಿ 500 ಮಿ.ಲೀ. ದಾಟಬಾರದು. ಹೊರಗೆ ಜಾಗ ಸಿಗದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಸೋಂಕು, ಕಲ್ಲು ಮಾಡಿಕೊಂಡವರಿದ್ದಾರೆ. ಟಾಯ್ಲೆಟ್ ಬಾಗಿಲು ಪೂರ್ತಿ ತೆರೆದಾಗ 32 ಇಂಚು ದಾರಿ ಸಿಗಲಿ, ಬಾಗಿಲು ಹೊರಕ್ಕೆ ತೆರೆಯಲಿ. ಮುಂಬಾಗಿಲ 6 ಇಂಚಿನ ಮೆಟ್ಟಿಲಿಗೆ 6 ಅಡಿ ಇಳಿಜಾರು ಬೇಕು, ಅಂದರೆ 1 ಇಂಚು ಎತ್ತರಕ್ಕೆ 12 ಇಂಚು ಉದ್ದ. ಎರಡಡಿ ಹಲಗೆ ಒರಗಿಸಿದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ. “ನಾಲ್ಕು ಜನ ಸೇರಿ ಎತ್ಕೊಂಡು ಹೋಗ್ತೀವಿ ಬಿಡಿ” ಅನ್ನಬೇಡಿ. ಬಡಗಿಗೆ ಅಳತೆ ಕೊಡಿ.