ನಾಲ್ಕೇ ಹಲ್ಲಿಗೆ ಹಿಡಿದ ಹ್ಯಾಂಡ್‌ಬ್ರೇಕ್

ಈ ಸೋಮವಾರ ಸರ್ವಿಸ್ ಮುಗಿಸಿ ಪಿಕಪ್ಪನ್ನು ಒಪ್ಪಿಸುವಾಗ ಗ್ಯಾರೇಜಿನ ಹುಡುಗ ಒಳಗೆ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದು ತೋರಿಸಿದ. ಕರ್ ಕರ್ ಎಂದು ನಾಲ್ಕು ಹಲ್ಲು ದಾಟಿ ಲಿವರ್ ಬಿಗಿಯಾಗಿ ನಿಂತಿತು. "ನೋಡಿ ಸರ್, ನಾಲ್ಕೇ ಹಲ್ಲಿಗೆ ಹಿಡೀತು. ಹಿಂದಿನ ಬ್ರೇಕ್ ಪರ್ಫೆಕ್ಟ್" ಎಂದ. ಪೆಡಲ್ ಮೊದಲಿಗಿಂತ ಕೆಳಗೆ ಇಳಿಯುತ್ತಿದೆಯಲ್ಲ ಎಂದು ಕೇಳಿದೆ. "ಹೊಸ ಶೂ ಅಲ್ವಾ ಸರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಎಂದು ಹೇಳಿ ಬೀಗದ ಕೈ ಕೊಟ್ಟ. ಶೂ ಎಂದರೆ ಚಕ್ರದೊಂದಿಗೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತಿ ಅದನ್ನು ನಿಲ್ಲಿಸುವ ಬಾಗಿದ ಪಟ್ಟಿ; ಹ್ಯಾಂಡ್‌ಬ್ರೇಕ್ ಕೂಡ ಕೇಬಲ್ಲಿನ ಮೂಲಕ ಹಿಂದಿನ ಶೂಗಳನ್ನೇ ಒತ್ತಿಸುತ್ತದೆ. ಗಾಡಿಯನ್ನು ಚೆನ್ನಾಗಿ ತೊಳೆದು, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹೊಡೆದಿದ್ದರು. ನಾನು ಹಣ ಕೊಟ್ಟು ಹೊರಟೆ. ಅಂದಿನಿಂದ ಇಂದಿನವರೆಗೆ ಆ ನಾಲ್ಕು ಹಲ್ಲಿನ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

ಗುರುವಾರ ನಸುಕಿನಲ್ಲಿ ನಲವತ್ತೆಂಟು ಕ್ರೇಟ್ ಕೋಸು ಮತ್ತು ಬೀನ್ಸ್ ಹೇರಿಕೊಂಡು ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯತ್ತ ಹೊರಟಿದ್ದೆ. ಕೊಟ್ಟಿಗೆಹಾರ ಇನ್ನೇನು ಬಂತು ಎನ್ನುವಾಗ ಮಂಜಿನ ನಡುವಿನಿಂದ ಒಂದು ದನ ರಸ್ತೆಗೆ ಬಂತು. ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೆ ಎರಡು ಬೆರಳು ಉಳಿಯುವಷ್ಟು ಕೆಳಗೆ ಹೋಯಿತು. ತಕ್ಷಣ ಮತ್ತೊಮ್ಮೆ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ಸಿಕ್ಕಿತು. ದನ ದಾಟಿಹೋಯಿತು, ಏನೂ ಆಗಲಿಲ್ಲ. ಆದರೆ ಮೊದಲ ಒತ್ತಿಗೆ ಕೆಳಗಿಳಿದು ಎರಡನೆಯದಕ್ಕೆ ಮೇಲೇರುವ ಪೆಡಲ್ ಏನು ಹೇಳುತ್ತದೆ ಎಂಬುದು ಇಷ್ಟು ವರ್ಷ ಗಾಡಿ ಓಡಿಸಿದ ನನಗೆ ಗೊತ್ತು. ಬ್ರೇಕ್ ಎಣ್ಣೆಯ ಲೈನಿನಲ್ಲಿ ಗಾಳಿ ಸೇರಿದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಿರುತ್ತದೆ. ಇದು ಮೆತ್ತಗಿರಲಿಲ್ಲ, ತಡವಾಗಿ ಸಿಗುತ್ತಿತ್ತು. ಹಿಂದಿನ ಶೂಗಳು ಡ್ರಮ್ಮಿನಿಂದ ಬಹಳ ದೂರ ನಿಂತಿವೆ, ಅವು ಡ್ರಮ್ಮನ್ನು ಮುಟ್ಟುವಷ್ಟರಲ್ಲೇ ಪೆಡಲಿನ ಅರ್ಧ ಓಟ ಮುಗಿದುಹೋಗುತ್ತಿದೆ ಎಂದೇ ಅದರ ಅರ್ಥ.

ಮುಂದೆ ಇದ್ದದ್ದು ಇಳಿಜಾರು. ಬ್ರೇಕ್ ಹಿಡಿದಂತೆಲ್ಲ ಡ್ರಮ್ ಕಾಯುತ್ತದೆ, ಕಾದ ಡ್ರಮ್ ಹಿಗ್ಗಿ ಶೂಗಳಿಂದ ಇನ್ನಷ್ಟು ದೂರ ಸರಿಯುತ್ತದೆ. ಘಾಟಿಯ ತಲೆಯಲ್ಲಿ ಎರಡು ಬೆರಳಿನಷ್ಟು ಉಳಿದಿದ್ದ ಪೆಡಲ್ ನಾಲ್ಕಾರು ತಿರುವು ಇಳಿಯುವಷ್ಟರಲ್ಲಿ ಏನೂ ಉಳಿಯದೆ ಹೋಗಬಹುದು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿದ್ದ ರಸ್ತೆ ಅದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಖಾಲಿ ಪಿಕಪ್ಪಿನಲ್ಲಿ ಬ್ರೇಕಿನ ಹೆಚ್ಚಿನ ಭಾರವನ್ನು ಮುಂದಿನ ಚಕ್ರಗಳೇ ಹೊರುತ್ತವೆ ಎಂಬುದು ನಿಜ. ಲೋಡ್ ಬಿದ್ದ ಮೇಲೆ ಹಾಗಲ್ಲ. ಹಿಂದಿನ ಆಕ್ಸಲ್ ಬಳಿಯ ವಾಲ್ವ್ ಭಾರವನ್ನು ಅಳೆದು ಹಿಂದಕ್ಕೂ ಹೆಚ್ಚು ಒತ್ತಡ ಕೊಡುವುದು ಅದಕ್ಕಾಗಿಯೇ. ಆ ಒತ್ತಡ ಬಂದಾಗ ಹಿಡಿಯಬೇಕಾದ ಶೂ ದೂರದಲ್ಲಿದ್ದರೆ ವಾಲ್ವ್ ತಾನೇ ಏನು ಮಾಡೀತು? ನಾನು ಘಾಟಿ ಇಳಿಯಲಿಲ್ಲ.

ಕೊಟ್ಟಿಗೆಹಾರದಿಂದ ತುಸು ಹಿಂದಕ್ಕೆ ಒಂದು ತಗಡಿನ ಶೆಡ್ಡಿದೆ. ಅಲ್ಲಿನ ಮೇಸ್ತ್ರಿಗೆ ಅರವತ್ತೈದು ದಾಟಿರಬಹುದು. ಹೆಚ್ಚು ಮಾತಿನವರಲ್ಲ, ಗಿರಾಕಿಯನ್ನು ಮೆಚ್ಚಿಸುವ ಅಭ್ಯಾಸವೂ ಇಲ್ಲ. ನಾನು ನಡೆದದ್ದನ್ನು ಹೇಳುತ್ತಿದ್ದಂತೆ ಸೀಟಿನಲ್ಲಿ ಕುಳಿತು ಪೆಡಲ್ ಒಮ್ಮೆ ಒತ್ತಿದರು, ಬಿಟ್ಟು ಎರಡು ಸಲ ಒತ್ತಿದರು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದರು. ಅದೇ ನಾಲ್ಕು ಹಲ್ಲು. ಅವರ ಮುಖ ಗಂಟಿಕ್ಕಿತು. "ಶೂ ದೂರ ಇದೆ, ಹ್ಯಾಂಡ್‌ಬ್ರೇಕ್ ಮಾತ್ರ ನಾಲ್ಕೇ ಹಲ್ಲಿಗೆ ಹಿಡೀತಿದೆ ಅಂದ್ರೆ ಕೇಬಲ್ ಎಳೆದಿದಾರೆ. ಶೂ ಮುಟ್ಟೇ ಇಲ್ಲ" ಎಂದರು.

ಆ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ಗಳಿಗೆ ಬೇಕಾಯಿತು. ಹೊಸ ಶೂ ಹಾಕಿ ಡ್ರಮ್ ಮುಚ್ಚಬೇಕಾದರೆ ಶೂಗಳ ನಡುವಿನ ಅಂತರ ಹೊಂದಿಸುವ ಹಲ್ಲಿನ ತಿರುಪನ್ನು, ಅಂದರೆ ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿ ಶೂಗಳನ್ನು ಕುಗ್ಗಿಸಬೇಕಾಗುತ್ತದೆ. ಇಲ್ಲವಾದರೆ ಡ್ರಮ್ ಕೂರುವುದಿಲ್ಲ. ಕೂರಿಸಿದ ಮೇಲೆ ಅದೇ ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತರಬೇಕು. ಆ ಎರಡನೆಯ ಕೆಲಸ ಆಗಿರಲಿಲ್ಲ. ಹಾಗೆಯೇ ಬಿಟ್ಟಿದ್ದರೆ ಹ್ಯಾಂಡ್‌ಬ್ರೇಕ್ ಹತ್ತು ಹನ್ನೆರಡು ಹಲ್ಲಿನವರೆಗೆ ಸಡಿಲವಾಗಿ ಬಂದು ನನಗೆ ಅನುಮಾನ ಹುಟ್ಟಿಸುತ್ತಿತ್ತು. ಕೇಬಲ್ಲಿನ ನಟ್ ಬಿಗಿದು ಆ ಸಡಿಲವನ್ನು ಮರೆಮಾಡಲಾಗಿತ್ತು, ಒಳಗಿನ ಅಂತರ ಮಾತ್ರ ಹಾಗೇ ಉಳಿದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಕೇಬಲ್ ಎಳೆದು ಹಿಡಿದಿದ್ದರಿಂದ ಡ್ರಮ್ಮಿನೊಳಗಿನ ಹ್ಯಾಂಡ್‌ಬ್ರೇಕ್ ಲಿವರ್ ಪೂರ್ತಿ ಹಿಂದಕ್ಕೆ ಮರಳುತ್ತಿರಲಿಲ್ಲ; ಅದು ಮರಳದಿದ್ದರೆ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಮುಂದಿನ ಹಲ್ಲನ್ನು ಹಿಡಿಯುವಂತಿಲ್ಲ. ಓಡಿಸುತ್ತಾ ಓಡಿಸುತ್ತಾ ಸೆಟ್ ಆಗುವ ದಾರಿಯನ್ನೇ ಆ ನಾಲ್ಕು ಹಲ್ಲು ಮುಚ್ಚಿಬಿಟ್ಟಿತ್ತು.

ಮೇಸ್ತ್ರಿ ಮೊದಲು ಅರ್ಧ ಲೋಡ್ ಇಳಿಸಲು ಹೇಳಿದರು. ಕ್ರೇಟುಗಳನ್ನು ಇಳಿಸುವಷ್ಟರಲ್ಲಿ ನನಗೆ ಮಾರುಕಟ್ಟೆಯ ಹೊತ್ತು ಮೀರುತ್ತಿದೆ ಎಂಬ ಆತಂಕ, ಅವರಿಗೆ ಮುಂದಿನ ಚಕ್ರಗಳಿಗೆ ಕಲ್ಲು ಸರಿಯಾಗಿ ಕೂತಿದೆಯೇ ಎಂಬ ಚಿಂತೆ. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಇಳಿಸಿ, ಆಕ್ಸಲ್ ಕೆಳಗೆ ಜಾಕ್ ಹಾಗೂ ಸ್ಟ್ಯಾಂಡ್ ಕೊಟ್ಟು, ಎಲ್ಲಕ್ಕಿಂತ ಮೊದಲು ಕೇಬಲ್ಲಿನ ನಟ್ ಸಡಿಲಿಸಿದರು. ನಂತರ ಎಡಚಕ್ರದ ಹಿಂದೆ, ಬ್ಯಾಕ್ ಪ್ಲೇಟಿನ ರಬ್ಬರ್ ಬಿರಡೆ ತೆಗೆದು, ಅದರ ಕಿಂಡಿಯೊಳಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿದರು. ಒಳಗಿನ ಸ್ಟಾರ್ ವೀಲ್, ಅಂದರೆ ಅಡ್ಜಸ್ಟರಿನ ಹಲ್ಲುಚಕ್ರ, ಕಣ್ಣಿಗೆ ಕಾಣುವುದಿಲ್ಲ. ಸ್ಕ್ರೂಡ್ರೈವರಿನ ತುದಿ ಅದರ ಹಲ್ಲಿಗೆ ಸಿಕ್ಕಿದ್ದು ಅವರ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು. ಟಿಕ್. ಮತ್ತೊಂದು ಟಿಕ್. ಪ್ರತಿ ಎರಡು ಮೂರು ಹಲ್ಲಿಗೊಮ್ಮೆ ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ, ತಲೆ ಓರೆ ಮಾಡಿ ಆಲಿಸುತ್ತಿದ್ದರು. ಚಕ್ರ ಪೂರ್ತಿ ಹಿಡಿದುಕೊಂಡ ಮೇಲೆ, ಇನ್ನೊಂದು ಸಣ್ಣ ಸ್ಕ್ರೂಡ್ರೈವರಿನಿಂದ ಅಡ್ಜಸ್ಟರಿನ ನಾಲಿಗೆಯನ್ನು ಬದಿಗೊತ್ತಿ, ಒಂದೊಂದೇ ಹಲ್ಲು ಹಿಂದಕ್ಕೆ ಬಿಟ್ಟರು. ಕೊನೆಗೆ ಚಕ್ರ ಸರಾಗವಾಗಿ ಸುತ್ತುತ್ತ, ಸುತ್ತಿಗೊಮ್ಮೆ ಒಣ ಎಲೆ ನೆಲಕ್ಕೆ ಸವರಿದಂತೆ ಸಣ್ಣ ಸದ್ದು ಮಾಡಿತು. "ಇದು ಸಾಕು. ಇದಕ್ಕಿಂತ ಜಾಸ್ತಿ ಆದ್ರೆ ಸುಡುತ್ತೆ" ಎಂದರು. ನಾನು ಪೆಡಲನ್ನು ನಾಲ್ಕಾರು ಬಾರಿ ಗಟ್ಟಿಯಾಗಿ ಒತ್ತಿದೆ, ಶೂಗಳು ಡ್ರಮ್ಮಿನ ನಡುವಿಗೆ ಬಂದು ಕೂತವು, ಅವರು ಮತ್ತೆ ಚಕ್ರ ತಿರುಗಿಸಿ ಆಲಿಸಿದರು. ಲೆಕ್ಕ ನಾನೇ ಇಟ್ಟಿದ್ದೆ: ಎಡಕ್ಕೆ ಹದಿನಾಲ್ಕು ಹಲ್ಲು, ಬಲಕ್ಕೆ ಹತ್ತೊಂಬತ್ತು. ಕೇಬಲ್ಲನ್ನು ಬಿಗಿದದ್ದು ಎಲ್ಲಕ್ಕಿಂತ ಕೊನೆಗೆ. ಈಗ ಹ್ಯಾಂಡ್‌ಬ್ರೇಕ್ ಆರು ಹಲ್ಲಿಗೆ ನಿಲ್ಲುತ್ತದೆ, ಪೆಡಲ್ ಮೊದಲ ಒತ್ತಿಗೇ ಮೇಲೆ ಸಿಗುತ್ತದೆ.

ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿದು, ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ಎಲ್ಲರಂತೆ ನಾನೂ ನಿಲ್ಲಿಸಿದೆ. ಕೈಮುಗಿದ ಮೇಲೆ ಹಿಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿದೆ. ಎರಡರ ಬಿಸಿಯೂ ಒಂದೇ ಸಮನಾಗಿತ್ತು.

ಅಲ್ಲಿಯವರೆಗೆ ಆ ಹುಡುಗನ ಮೇಲೆ ನನಗಿದ್ದದ್ದು ಬರೀ ಸಿಟ್ಟು. ಡ್ರಮ್ ಮುಚ್ಚಿದ ಮೇಲೆ ಒಳಗಿನದು ಗಿರಾಕಿಗೆ ಕಾಣುವುದಿಲ್ಲ, ಅವನ ಕೈಗೆ ಸಿಗುವುದು ಲಿವರ್ ಒಂದೇ. ಅದನ್ನೇ ಬಿಗಿದು ತೋರಿಸಿದ್ದು ಮೋಸ ಎಂದೇ ನಾನು ನಂಬಿದ್ದೆ. ಸಂಜೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವನು ವಾದಿಸಲಿಲ್ಲ. "ಕೇಬಲ್ ಮೊದಲು ಬಿಡಬೇಕಾ ಸರ್?" ಎಂದು ಕೇಳಿದ. ಅವನ ದನಿಯಲ್ಲಿ ನಟನೆ ಇರಲಿಲ್ಲ. ಮೇಸ್ತ್ರಿ ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ಸ್ಪಾನರ್ ಎತ್ತಿಕೊಟ್ಟ ಮೇಲಷ್ಟೇ ಒಂದು ಡ್ರಮ್ ಮುಚ್ಚಲು ಅನುಮತಿ ಪಡೆದವರು. ಈ ಹುಡುಗ ಸೇರಿ ಏಳು ತಿಂಗಳಾಗಿದೆಯಂತೆ, ಸಂಜೆಯೊಳಗೆ ಎಷ್ಟು ಗಾಡಿ ಹೊರಬಿದ್ದವು ಎಂದು ಕೇಳುವವರಿದ್ದಾರಂತೆ, ಶೂ ಹೇಗೆ ಕೂರಿಸಬೇಕೆಂದು ಪಕ್ಕದಲ್ಲಿ ನಿಂತು ತೋರಿಸಿದವರು ಯಾರೂ ಇಲ್ಲವಂತೆ. ನನ್ನ ಸಿಟ್ಟು ಹೋಗಿಲ್ಲ; ಈಗ ಅದು ಆ ಹುಡುಗನನ್ನು ದಾಟಿ, ಅವನಿಗೆ ಕಲಿಸದೆ ಅವನ ಕೈಗೆ ನನ್ನ ಬ್ರೇಕ್ ಒಪ್ಪಿಸಿದವರ ಮೇಲೆ ನಿಂತಿದೆ.

ಫೋನ್ ಇಡುವ ಮೊದಲು ಅವನು ಎಷ್ಟು ಹಲ್ಲು ತಿರುಗಿಸಿದರು ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲಗಡೆ ಐದು ಹಲ್ಲು ಜಾಸ್ತಿನಾ? ಆ ಕಡೆ ಡ್ರಮ್ ಸವೆದಿರಬೇಕು ಸರ್, ನಾನು ಅಳತೆ ನೋಡಿರಲಿಲ್ಲ. ಒಂದ್ಸಲ ಬಿಚ್ಚಿ ನೋಡೋಣ, ತನ್ನಿ" ಎಂದ. ಸೋಮವಾರ ಬೆಳಿಗ್ಗೆ ಬರುತ್ತೇನೆ, ಡ್ರಮ್ ಬಿಚ್ಚುವಾಗ ನಾನೂ ಪಕ್ಕದಲ್ಲಿ ನಿಂತಿರುತ್ತೇನೆ ಎಂದು ಹೇಳಿದ್ದೇನೆ.