ಸಿಹಿ ಎಲ್ಲಿ ಹೋಯ್ತಮ್ಮ?

ಭಾನುವಾರ ಚಿಕ್ಕಪ್ಪ ಕೇಳಿದ ಆ ಒಂದು ಪ್ರಶ್ನೆ ಇನ್ನೂ ನನ್ನ ತಲೆ ಬಿಟ್ಟು ಹೋಗಿಲ್ಲ.

ಶ್ರೀನಿವಾಸಪುರದ ಕಡೆ ಮಾವಿನ ತೋಟ ಅವರದು. ಮದುವೆಗೆಂದು ಬೆಂಗಳೂರಿಗೆ ಬಂದವರನ್ನು ನನ್ನ ತಮ್ಮ ಇಂದಿರಾನಗರದ ಒಂದು ಬ್ರೂವರಿಗೆ ಎಳೆದುಕೊಂಡು ಹೋದ. ಮರದ ಹಲಗೆಯ ಮೇಲೆ ಪುಟ್ಟ ಗ್ಲಾಸುಗಳು ಬಂದವು, ಎಲ್ಲವೂ ಗೋಧಿ ಬಿಯರ್. ಒಂದು ಮಾವಿನದು, ಒಂದು ಅನಾನಸಿನದು, ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕಿದ ಬೆಲ್ಜಿಯಂ ಬಗೆಯದೊಂದು, ಏನೂ ಹಾಕದ ಜರ್ಮನ್ ಬಗೆಯದೊಂದು.

ಚಿಕ್ಕಪ್ಪ ಮಾವಿನ ಗ್ಲಾಸನ್ನು ಮೊದಲು ಮೂಸಿದರು, ತೋಟದಲ್ಲಿ ಹಣ್ಣಿನ ತೊಟ್ಟಿನ ಹತ್ತಿರ ಮೂಸುವ ಹಾಗೆಯೇ, ಕಣ್ಣು ಮುಚ್ಚಿ. "ಬಾದಾಮಿ" ಅಂದರು, ಆಪೂಸ್ ಮಾವಿಗೆ ನಮ್ಮ ಕಡೆಯ ಹೆಸರು. ಒಂದು ಗುಟುಕು ಕುಡಿದದ್ದೇ ಹುಬ್ಬು ಗಂಟಿಕ್ಕಿತು. ಬಿಯರ್ ತಯಾರಿಸುವ ಹುಡುಗಿಯೇ ಅಷ್ಟರಲ್ಲಿ ಟೇಬಲ್ ಹತ್ತಿರ ಬಂದಿದ್ದಳು. "ವಾಸನೆ ಐತೆ. ಸಿಹಿ ಎಲ್ಲಿ ಹೋಯ್ತಮ್ಮ?"

"ಯೀಸ್ಟ್ ತಿಂದುಬಿಡ್ತು ಅಂಕಲ್."

ಹಣ್ಣಿನ ಸಕ್ಕರೆಯೆಲ್ಲ ಆಲ್ಕೋಹಾಲೂ ಗ್ಯಾಸೂ ಆಗಿಬಿಡುತ್ತದೆ, ಉಳಿಯುವುದು ಘಮ ಮತ್ತು ಹುಳಿ. ಆ ಘಮವೂ ಗ್ಯಾಸಿನ ಜೊತೆ ಹಾರಿಹೋಗಬಾರದೆಂದು ಹುದುಗಿನ ಮೊದಲ ಅಬ್ಬರ ಇಳಿದ ಮೇಲೆಯೇ ತಿರುಳು ಹಾಕುತ್ತಾರಂತೆ. ಎಷ್ಟು ತಾಳ್ಮೆಯಿಂದ ಹೇಳಿದಳು! ತಮ್ಮ ಮಾತ್ರ ಗ್ಲಾಸುಗಳ ಫೋಟೊ ತೆಗೆಯುವುದರಲ್ಲೇ ಮುಳುಗಿದ್ದ. ಎದುರಿಗೆ ನಿಂತು ತನ್ನ ಕೆಲಸವನ್ನು ಇಷ್ಟು ಪ್ರೀತಿಯಿಂದ ವಿವರಿಸುವವರು ಸಿಕ್ಕಾಗಲೂ ಫೋನ್ ಕೆಳಗಿಡದವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕೊನೆಯ ಗ್ಲಾಸು ಮೂಸಿ ಚಿಕ್ಕಪ್ಪ, "ಇದಕ್ಕೆ ಏಲಕ್ಕಿ ಬಾಳೆ ಹಾಕಿದೀರ" ಅಂದರು. ಒಂದು ಚೂರೂ ಇಲ್ಲ! ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಗೋಧಿ), ಬಾರ್ಲಿ, ಕಹಿ ಕೊಡುವ ಹಾಪ್ಸ್ ಹೂ, ನೀರು ಅಷ್ಟೆ. ಬಾಳೆಯ ಘಮ, ಹಿಂದೆಯೇ ಬರುವ ಲವಂಗದ ಘಮ ಎರಡೂ ಯೀಸ್ಟ್ ಹುಟ್ಟಿಸಿದ್ದು. ಜರ್ಮನಿಯ ಬವೇರಿಯಾದ 1516ರ ಕಟ್ಟಳೆಯಲ್ಲಿ ಬಿಯರಿಗೆ ಹಣ್ಣು ಸೇರಿಸಲು ಜಾಗವೇ ಇರಲಿಲ್ಲ. ಬರ್ಲಿನ್ನಿನವರು ತಮ್ಮ ಹುಳಿ ಗೋಧಿ ಬಿಯರಿಗೆ ರಾಸ್ಪ್‌ಬೆರಿ ಸಿರಪ್ಪನ್ನು ಗ್ಲಾಸಿಗೇ ಸುರಿದುಕೊಳ್ಳುತ್ತಾರೆ. ಸೆಕೆಗೆ ನನ್ನ ಮಟ್ಟಿಗೆ ಆ ಏನೂ ಹಾಕದ ಮಸುಕು ಬಿಯರೇ ಮೇಲು. ಅನಾನಸಿನದು ಬರೀ ಅಂಟು. ಮಾವಿನದರಲ್ಲಿ ಗಂಟಲ ಹತ್ತಿರ ಸಣ್ಣಗೆ ಹಿಡಿಯುವ ಹುಳಿ ಇತ್ತಲ್ಲ, ಅದು ಇಷ್ಟವಾಯಿತು.

ಚಿಕ್ಕಪ್ಪನಿಗೂ ಆ ಹುಳಿಯೇ ಹಿಡಿದಿತ್ತು. ತಿರುಳು ಎಲ್ಲಿಯದು ಅಂತ ವಿಚಾರಿಸಿದರು. ರತ್ನಾಗಿರಿ ಕಡೆಯಿಂದ ಡಬ್ಬಿಯಲ್ಲಿ ಬರುತ್ತದಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸಿಹಿ ಹೆಂಗೂ ಉಳಿಯಲ್ಲ ಅಂದ್ಮೇಲೆ ತೋತಾಪುರಿ ಯಾಕಮ್ಮ ಹಾಕಲ್ಲ?"

ಆ ಪ್ರಶ್ನೆಯ ಹಿಂದೆ ಏನಿದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ತೋತಾಪುರಿ ಬೆಳೆದವನಿಗೆ ತಿರುಳಿನ ಕಾರ್ಖಾನೆಯೇ ಗತಿ. 2025ರ ಜೂನ್‌ನಲ್ಲಿ, ಆ ಕಾರ್ಖಾನೆಗಳಿರುವ ಆಂಧ್ರದ ಚಿತ್ತೂರು ಜಿಲ್ಲೆಯವರು ಹೊರಗಿನ ತೋತಾಪುರಿ ಬರಕೂಡದೆಂದು ಗಡಿಯಲ್ಲೇ ತಡೆದರು. ಬೆಲೆ ಮೊದಲೇ ಬಿದ್ದಿತ್ತು, ಕೊಯ್ಲಿನ ಕೂಲಿಯೂ ಹುಟ್ಟದ ಹಣ್ಣನ್ನು ನಮ್ಮ ರೈತರು ರಸ್ತೆಗೆ ಸುರಿದರು. ಅವರ ರೈತರನ್ನು ಅವರು ಕಾಯ್ದುಕೊಂಡರು, ಅದನ್ನು ತಪ್ಪೆನ್ನಲಾರೆ. ಆದರೆ ಪಕ್ಕದ ನಮ್ಮ ಕೋಲಾರ ಜಿಲ್ಲೆಯಲ್ಲಿ ಇಷ್ಟು ಹಣ್ಣಿರುವಾಗ ಬೆಂಗಳೂರಿನ ಗ್ಲಾಸಿಗೆ ದೂರದ ಡಬ್ಬಿ ಯಾಕೆ ಬರಬೇಕು? ಊರೊಳಗಿನ ಬ್ರೂವರಿಗಳಿಂದ ಲಾರಿಗಟ್ಟಲೆ ಹಣ್ಣು ಖರ್ಚಾಗುವುದಿಲ್ಲ, ಸರಿ. ಬೋರ್ಡಿನ ಮೇಲೆ ಮಾವು ಅಂತ ಬರೆಯುವವರು ಅದರ ಪಕ್ಕ ಊರಿನ ಹೆಸರನ್ನೂ ಬರೆಯಲಿ. ಕುಡಿಯುವವನು ಒಮ್ಮೆಯಾದರೂ ಶ್ರೀನಿವಾಸಪುರ ಅಂತ ಓದಲಿ.

ಹುಡುಗಿ ಯೋಚಿಸಿ ಹೇಳಿದಳು: "ಹುಳಿ ಚೆನ್ನಾಗಿ ನಿಲ್ಲುತ್ತೆ ಅಂಕಲ್, ಘಮ ಸಾಲಲ್ಲ. ಸ್ವಲ್ಪ ರಸಪುರಿ ಬೆರೆಸಿದ್ರೆ ಆಗಬಹುದು. ಒಂದು ಕ್ರೇಟ್ ಕಳಿಸ್ತೀರಾ? ಕಾರ್ಬೈಡ್ ಹಾಕಿರಬಾರದು."

"ನಮ್ಮ ತೋಟದ ಹಣ್ಣಿಗೆ ಕಾರ್ಬೈಡಾ!" ಅಂತ ಚಿಕ್ಕಪ್ಪ ರೇಗಿದರು, ಆದರೂ ನಂಬರ್ ತೆಗೆದುಕೊಂಡರು.

ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಕ್ರೇಟ್ ನಾಳೆ ಬಸ್ಸಿಗೆ ಹಾಕುತ್ತಾರಂತೆ, ಮೆಜೆಸ್ಟಿಕ್ಕಿನಲ್ಲಿ ನಾನು ಇಳಿಸಿಕೊಳ್ಳಬೇಕು.