ಎರಡು ರಿಟರ್ನ್ ಟಿಕೆಟ್

ಚಿಕ್ಕಮ್ಮನ ಮಗ ಗಾಲ್ಫ್ ಪ್ರೊ ಆದಮೇಲೆ ಒಂದು ಸೀಸನ್ ಪೂರ್ತಿ ಅವನ ಬ್ಯಾಗ್ ಹೊತ್ತವನು ನಾನು. 2006ರಲ್ಲಿ ಶುರುವಾದ ಪಿಜಿಟಿಐ ಟೂರ್, ಅಂದರೆ ನಮ್ಮ ದೇಶದ ವೃತ್ತಿಪರ ಗಾಲ್ಫ್ ಆಟಗಾರರು ಊರೂರು ಸುತ್ತಿ ಆಡುವ ಟೂರ್ನಿಗಳ ಸರಣಿ. ನೀವು ಟಿವಿಯಲ್ಲಿ ನೋಡುವ ಗಾಲ್ಫ್ ಬೇರೆ, ಇದು ಬೇರೆ. ನಾವು ಓಡಾಡಿದ್ದು ಸ್ಲೀಪರ್ ಕೋಚಿನಲ್ಲಿ. ಬ್ಯಾಗನ್ನು ಸೀಟಿನಡಿ ತುರುಕುವಾಗ ಯಾರಾದರೂ ‘ಕ್ರಿಕೆಟ್ ಕಿಟ್ಟಾ?’ ಅಂತ ಕೇಳೋರು. ಹೂಂ ಅಂದುಬಿಡುತ್ತಿದ್ದೆವು. ಗಾಲ್ಫ್ ಅಂದರೆ ಸಾಹುಕಾರರ ಮಕ್ಕಳು ಇಲ್ಲೇಕೆ ಎಂಬುದಕ್ಕೂ ಉತ್ತರ ಹೇಳಬೇಕಲ್ಲ!

ಚಿಕ್ಕಪ್ಪ ಬಿಡದಿ ಕಡೆಯ ಕೋರ್ಸೊಂದರಲ್ಲಿ ಹುಲ್ಲು ಕತ್ತರಿಸುತ್ತಿದ್ದವರು. ಅದೇ ಸೀಮೆಯಲ್ಲಿ ಬೆಳೆದ ಚಿಕ್ಕರಂಗಪ್ಪ ಪ್ರೊ ಆದದ್ದು ನೋಡಿಯೇ ಇವನಿಗೂ ಹುಚ್ಚು ಹತ್ತಿದ್ದು.

ಈ ಟೂರಿನ ಲೆಕ್ಕ ಬಲು ಖಡಕ್. ಎರಡು ದಿನ ಆಡಿದ ಮೇಲೆ ಮೊದಲ 50 ಜನ, ಜೊತೆಗೆ ಐವತ್ತನೆಯವನ ಸಮಕ್ಕಿರುವವರು ಮುಂದಕ್ಕೆ, ಉಳಿದವರಿಗೆ ಬಿಡಿಗಾಸಿಲ್ಲ. ಈ ಗೆರೆಗೆ ‘ಕಟ್’ ಅನ್ನುತ್ತಾರೆ. ಪ್ರವೇಶ ಶುಲ್ಕ, ರೂಮು, ಊಟ ಎಲ್ಲ ಕೈಯಿಂದ. ಹಾಗಾಗಿ ನಾನು ಪ್ರತಿ ಊರಿನಿಂದಲೂ ಎರಡು ದಿನದ ರಿಟರ್ನ್ ಟಿಕೆಟ್ ಮಾಡಿಸುತ್ತಿದ್ದೆ: ಕಟ್ ತಪ್ಪಿದರೆ ಬುಧವಾರದ್ದು, ಉಳಿದರೆ ಶುಕ್ರವಾರದ್ದು. ತಮ್ಮನಿಗೆ ಬುಧವಾರದ ವಿಷಯ ಹೇಳುತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಕೋಲ್ಕತ್ತದ ರಾಯಲ್ ಕ್ಯಾಲ್ಕಟ್ಟಾದಲ್ಲಿ ಆದದ್ದು ಇದು. 1829ರ ಕ್ಲಬ್, ಬ್ರಿಟನ್ ಬಿಟ್ಟರೆ ಜಗತ್ತಿಗೇ ಹಳೆಯದು. ಎಲ್ಲಿ ನೋಡಿದರೂ ಕೊಳಗಳು. ಅವಕ್ಕೆ ಅಲ್ಲಿ ‘ಟ್ಯಾಂಕ್’ ಅನ್ನುತ್ತಾರೆ. ಅಲ್ಲಿನ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ ಚೌರಾಸಿಯಾ ಯುರೋಪಿಯನ್ ಟೂರಿನ ಟೂರ್ನಿಗಳನ್ನು ಗೆದ್ದವನು. ತಮ್ಮ ಬಂದ ದಿನವೇ ಗ್ರೀನಿನ (ಗುಳಿಯ ಸುತ್ತಲಿನ ನುಣುಪು ಜಾಗದ) ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡ.

ಎರಡನೇ ದಿನ ಬೆಳಗಿನ ಬ್ಯಾಚು. ಒಂದು ಹೋಲಿನಲ್ಲಿ ಟ್ಯಾಂಕ್ ದಾಟಿಸಿ ಹೊಡೆಯಬೇಕು. ‘ಎಷ್ಟಣ್ಣ?’ ಅಂದ. ನೋಟ್‌ಬುಕ್ ನೋಡಿ 162 ಗಜ, ಸೆವೆನ್ ಐರನ್ ಸಾಕು ಅಂದೆ (ಈ ಕೋಲುಗಳ ನಂಬರ್ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ). ಎದುರುಗಾಳಿ ಲೆಕ್ಕಕ್ಕೆ ಹಿಡಿಯಲಿಲ್ಲ. ಚೆಂಡು ದಡದ ಇಳಿಜಾರಿಗೆ ಬಿದ್ದು, ಒಂದು ಕ್ಷಣ ನಿಂತು, ಮೆಲ್ಲಗೆ ನೀರಿಗೆ ಜಾರಿತು. ತಮ್ಮ ಏನೂ ಅನ್ನಲಿಲ್ಲ. ಇನ್ನೊಂದು ಚೆಂಡಿಗೆ ಕೈ ಚಾಚಿದ.

ಮುಗಿಸುವಾಗ ಎರಡು ದಿನ ಸೇರಿ ಮೂರು ಓವರ್, ಅಂದರೆ ಕೋರ್ಸಿಗೆ ಗೊತ್ತುಮಾಡಿದ ಹೊಡೆತಗಳಿಗಿಂತ ಮೂರು ಜಾಸ್ತಿ. ಫೋನಿನಲ್ಲಿ ಕಟ್ ಎರಡು ಓವರಿಗೆ ನಿಂತಿತ್ತು. ಮಧ್ಯಾಹ್ನ ಗಾಳಿ ಜೋರಾದರೆ ಇನ್ನೂ ಆಡುತ್ತಿರುವವರ ಆಟ ಕೆಟ್ಟು ಅದು ಮೂರಕ್ಕೆ ಬರಬಹುದು. ಮರದಡಿ ಕೂತು ಗಾಳಿಗೆ ಕಾದೆವು. ನಾಲ್ಕೂವರೆಯೊಳಗೆ ಬುಧವಾರದ ಟಿಕೆಟ್ ರದ್ದು ಮಾಡಿದರೆ ಅರ್ಧವಾದರೂ ದುಡ್ಡು ಬರುತ್ತಿತ್ತು, ಮಾಡಲಿಲ್ಲ. ಮಾಡಿದರೆ ಅಪಶಕುನವೋ ಶುಭಶಕುನವೋ ತಿಳಿಯಲಿಲ್ಲ.

ಕೊನೆಗೆ ಎರಡು ಓವರ್‌ವರೆಗೆ ಸರಿಯಾಗಿ ಐವತ್ತು ಜನ. ಆಡುತ್ತಿದ್ದದ್ದು ಒಂದೇ ಗುಂಪು. ಅದರಲ್ಲಿ ಎರಡು ಓವರಿನಲ್ಲಿದ್ದವನು ನಮ್ಮ ರೂಮ್‌ಮೇಟ್, ಲಖನೌ ಹುಡುಗ. ಕೊನೆಯ ಗ್ರೀನಿನಲ್ಲಿ ಅವನಿಗೆ ನಾಲ್ಕಡಿ ಪಟ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ. ತಪ್ಪಿದರೆ ಅವನೂ ಮೂರಕ್ಕೆ ಬರುತ್ತಾನೆ, ಕಟ್ ಮೂರಕ್ಕಿಳಿಯುತ್ತದೆ, ಇಬ್ಬರೂ ಉಳಿಯುತ್ತಾರೆ. ಹಿಂದಿನ ರಾತ್ರಿ ಅವನು ನನಗೆ ಮಂಚ ಬಿಟ್ಟು ನೆಲದ ಮೇಲೆ ಮಲಗಿದ್ದ. ನಾನು ಅವನ ಪಟ್ ತಪ್ಪಲಿ ಅಂತ ಮನೆದೇವರಿಗೆ ಹರಕೆ ಹೊತ್ತೆ. ಅವನಿಗೇನೂ ನಷ್ಟವಿಲ್ಲವಲ್ಲ ಅಂತ ಸಮಾಧಾನ ಬೇರೆ.

ಚೆಂಡು ಗುಳಿಯ ಅಂಚು ಸುತ್ತಿ ಒಳಗೆ ಬಿತ್ತು. ಅವನು ಟೋಪಿ ಎಸೆದು ಕುಣಿದ. ತಿರುಗಿ ನಮ್ಮನ್ನು ಕಂಡವನು ಕುಣಿತ ನಿಲ್ಲಿಸಿದ. ತಮ್ಮ ಹೋಗಿ ಅವನನ್ನು ತಬ್ಬಿಕೊಂಡ, ಬ್ಯಾಗಿನಿಂದ ಮೂರು ಹೊಸ ಚೆಂಡು ತೆಗೆದು ಕೊಟ್ಟ. ನಾನು ಷೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದೆ.

ಹೌರಾ ಸ್ಟೇಷನ್ನಿನಲ್ಲಿ ನೆನಪಾಗಿ ಶುಕ್ರವಾರದ ಟಿಕೆಟ್ ರದ್ದು ಮಾಡಿದೆ. ತಲೆಗೆ 120ರಂತೆ 240 ರೂಪಾಯಿ ಹೋಯಿತು. ರೈಲು ಖರಗಪುರ ದಾಟಿದ ಮೇಲೆ ಮೇಲಿನ ಬರ್ತಿನಿಂದ ತಮ್ಮನ ದನಿ: ‘ಅಣ್ಣಾ, ಅಲ್ಲಿ ಸಿಕ್ಸ್ ಐರನ್ ತಗೋಬೇಕಿತ್ತು. ಸೆವೆನ್ ಅಂದಿದ್ದು ನಾನೇ ಅಲ್ವಾ?’

ಹೂಂ ಅನ್ನಲೂ ಆಗಲಿಲ್ಲ, ಅಲ್ಲ ಅನ್ನಲೂ ಆಗಲಿಲ್ಲ. ನಿದ್ದೆ ಬಂದವನಂತೆ ಗೋಡೆ ಕಡೆ ತಿರುಗಿ ಮಲಗಿದೆ.